ಬೋರ್ ಮಾಡಿಸಿದ ಯೆಜ್ಡಿ ಬಿಸಿಯಾದಾಗ ಹಿಡಿದುಕೊಂಡರೆ: ಪಿಸ್ಟನ್, ರಿಂಗ್ ಜೋಡಣೆಯ ದೋಷ ಹುಡುಕುವ ಬಗೆ

ದೂರು ಹೀಗಿತ್ತು. ಹೊಸ ಬೋರ್ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕಡೆದು ಅಗಲ ಮಾಡಿದ್ದು), ಹೊಸ ಪಿಸ್ಟನ್, ಹೊಸ ರಿಂಗ್. ಗಾಡಿ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಮೊದಲ ಹತ್ತು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎಂಜಿನ್ನಿನ ಸದ್ದು ಸ್ವಲ್ಪ ಬಿಗಿಯುತ್ತದೆ, ಹಿಂದಿನಿಂದ ಯಾರೋ ಸೀಟು ಹಿಡಿದು ಎಳೆದಂತೆ ವೇಗ ತಗ್ಗುತ್ತದೆ, ಮರುಕ್ಷಣವೇ ಹಿಂದಿನ ಚಕ್ರ ಕಿರ್ರೆಂದು ನಿಲ್ಲುತ್ತದೆ. ಮರದ ನೆರಳಲ್ಲಿ ಕಾಲು ಗಂಟೆ ನಿಲ್ಲಿಸಿದರೆ ಕಿಕ್ಕರ್ ಮತ್ತೆ ಇಳಿಯುತ್ತದೆ, ಏನೂ ಆಗಿಲ್ಲವೆಂಬಂತೆ ಗಾಡಿ ಮತ್ತೆ ಹೊರಡುತ್ತದೆ.

ಗಾಡಿ ನನ್ನ ಸೋದರಮಾವನದು, 1970ರ ದಶಕದ ಯೆಜ್ಡಿ 250. ಮೈಸೂರಿನಿಂದ ನಂಜನಗೂಡಿಗೆ ಹೊರಟಾಗ ಕಡಕೊಳದ ಆಸುಪಾಸಿನಲ್ಲಿ ಮೂರು ವಾರಗಳಲ್ಲಿ ಮೂರು ಸಲ ಹೀಗೆ ಹಿಡಿದುಕೊಂಡಿತು. ಮೂರನೆಯ ಸಲ ಮಾವ ಫೋನು ಮಾಡಿ, "ಬಂದು ನೋಡಪ್ಪ, ನನಗಿನ್ನು ಧೈರ್ಯವಿಲ್ಲ" ಎಂದರು. ಆ ಮಾತು ಕೇಳಿ ನನಗೆ ಬೇಸರವಾಯಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿ ಅದು, ಅದೇ ಊರಿನಲ್ಲಿ ಇಷ್ಟು ವರ್ಷ ಓಡಿದೆ. ಓಡಿಸುವವನಿಗೆ ಗಾಡಿಯ ಮೇಲಿನ ನಂಬಿಕೆ ಹೋದರೆ ಅದು ಶೆಡ್ ಸೇರುತ್ತದೆ, ಆಮೇಲೆ ಗುಜರಿ ಸೇರುತ್ತದೆ. ಆದ್ದರಿಂದ ಈ ದೋಷವನ್ನು ಹುಡುಕಿದ ದಾರಿಯನ್ನು, ಮೊದಲು ನಾವು ಹಿಡಿದ ತಪ್ಪು ದಾರಿಯನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ. ಇಲ್ಲಿನ ಅಳತೆಗಳು 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ಜಾವಾ ಮತ್ತು ಯೆಜ್ಡಿ 250ರವು. ಪಿಸ್ಟನ್ನಿನ ಮೈ ಮೇಲಿನ ಗುರುತು ಓದುವ ಕ್ರಮ ಮಾತ್ರ ಎರಕದ ಕಬ್ಬಿಣದ ಸಿಲಿಂಡರಿನ ಯಾವ ಹಳೆಯ ಟೂ ಸ್ಟ್ರೋಕ್ ಗಾಡಿಗೂ ಹೊಂದುತ್ತದೆ.

ಮೊದಲು ಮಾಡಿದ ತಪ್ಪುಗಳು

ಮೊದಲ ಸಲ ಹಿಡಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಆಯಿಲ್ ಸಾಲದು." ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. ಆಯಿಲ್ ಬೆರೆಸುತ್ತಿದ್ದ ಮಾವ 60 ಹಾಕಿದರು. ಹೊಗೆ ಹೆಚ್ಚಾಯಿತು, ಪ್ಲಗ್ ಒದ್ದೆಯಾಯಿತು, ಗಾಡಿ ಮತ್ತೆ ಹಿಡಿಯಿತು. ಆಯಿಲ್ ವಿಪರೀತ ಹೆಚ್ಚಿಸಿದರೆ ಇನ್ನೊಂದು ತೊಂದರೆಯಿದೆ. ಕಾರ್ಬುರೇಟರಿನ ಜೆಟ್ಟಿನ (ಪೆಟ್ರೋಲ್ ಹರಿಯುವ ಸಣ್ಣ ತೂತಿನ) ಮೂಲಕ ಹೋಗುವ ಪ್ರತಿ ಹನಿಯಲ್ಲಿ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗುತ್ತದೆ, ದ್ರವವೂ ಮಂದವಾಗುತ್ತದೆ. ಅಂದರೆ ಮಿಶ್ರಣ ಬಡವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಎರಡನೆಯ ಸಲ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿದೆವು. ಮೂರನೆಯ ಸಲ ಇಗ್ನಿಷನ್ ಟೈಮಿಂಗ್ ನೋಡಿದೆವು, ಪಾಯಿಂಟ್ ಅಂತರ 0.4 ಮಿ.ಮೀ. ಇತ್ತು, ಟೈಮಿಂಗೂ ಸರಿಯಾಗಿಯೇ ಇತ್ತು.

ಇಷ್ಟೆಲ್ಲ ಮಾಡಿದ್ದು ಸಿಲಿಂಡರನ್ನು ಬಿಚ್ಚದೆ. ಈಗ ಯೋಚಿಸಿದರೆ ಅಲ್ಲೇ ಎಡವಿದ್ದು. ಹಿಡಿದುಕೊಂಡ ಪಿಸ್ಟನ್ ತನಗೆ ಎಲ್ಲಿ ಪೆಟ್ಟಾಯಿತು ಎಂಬುದನ್ನು ತನ್ನ ಮೈ ಮೇಲೆಯೇ ಬರೆದುಕೊಂಡಿರುತ್ತದೆ. ಅದನ್ನು ಓದುವ ಮೊದಲು ಜೆಟ್, ಆಯಿಲ್, ಪ್ಲಗ್ ಬದಲಿಸಿದರೆ ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟ ಹಾಗೆ. ಮೂರು ಸಲ ಹಿಡಿಯುವ ಹೊತ್ತಿಗೆ ಒಳ್ಳೆಯ ಪಿಸ್ಟನ್ ಒಂದು ಹಾಳಾಗಿತ್ತು.

ಆದ್ದರಿಂದ ಬೋರ್ ಆದ ಎಂಜಿನ್ ಒಮ್ಮೆ ಹಿಡಿಯಿತೆಂದರೆ ಎರಡನೆಯ ಸಲಕ್ಕೆ ಕಾಯಬೇಡಿ. ಸೈಲೆನ್ಸರ್ ಪೈಪುಗಳನ್ನು ಬಿಚ್ಚಿದರೆ ಮುಂದಿನ ಎರಡು ಎಕ್ಸಾಸ್ಟ್ ಪೋರ್ಟುಗಳ (ಹೊಗೆ ಹೊರಹೋಗುವ ಕಿಂಡಿಗಳ) ಮೂಲಕ ಪಿಸ್ಟನ್ನಿನ ಮುಂಭಾಗ ಕಾಣುತ್ತದೆ. ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತುತ್ತಾ ನೋಡಿ. ಅಲ್ಲಿ ಉದ್ದುದ್ದ ಗೀರು ಕಂಡರೆ ಹೆಡ್ ಬಿಚ್ಚುವುದು ಖಚಿತ. ಕಾಣದಿದ್ದರೂ ನಿಶ್ಚಿಂತರಾಗಬೇಡಿ. ನಮ್ಮ ಗಾಡಿಯಲ್ಲಿ ಅಲ್ಲಿಂದ ಏನೂ ಕಂಡಿರಲಿಲ್ಲ.

ಪಿಸ್ಟನ್ನಿನ ಮೈ ಓದುವುದು

ಪಿಸ್ಟನ್ ಹೊರಬಂದ ಕೂಡಲೇ ಪೆಟ್ರೋಲಿನಲ್ಲಿ ಉಜ್ಜಿ ತೊಳೆಯಬೇಡಿ. ಬಟ್ಟೆಯಿಂದ ಎಣ್ಣೆಯನ್ನಷ್ಟೇ ಒತ್ತಿ ತೆಗೆದು, ಹಗಲು ಬೆಳಕಿನಲ್ಲಿ ಹಿಡಿದು, ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ಗುರುತು ಮಾಡಿಕೊಳ್ಳಿ. ನೆತ್ತಿಯ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗಿರಬೇಕು.

ಗೀರುಗಳು ಎಕ್ಸಾಸ್ಟ್ ಕಡೆಗೆ ಮಾತ್ರ ಇದ್ದು, ನೆತ್ತಿಯ ಅಂಚಿನಿಂದಲೇ ಶುರುವಾಗಿ ರಿಂಗುಗಳ ಮೇಲೂ ಅಲ್ಯೂಮಿನಿಯಂ ಬಳಿದುಕೊಂಡಿದ್ದರೆ ಅದು ಅತಿ ಬಿಸಿಯ ಲಕ್ಷಣ. ಬಡ ಮಿಶ್ರಣ, ಎಲ್ಲೋ ಗಾಳಿ ಎಳೆಯುತ್ತಿರುವುದು, ಟೈಮಿಂಗ್ ಮುಂದಾಗಿರುವುದು, ಸೈಲೆನ್ಸರಿನಲ್ಲಿ ಮಸಿ ಕಟ್ಟಿರುವುದು, ಇವುಗಳಲ್ಲಿ ಒಂದಿರುತ್ತದೆ. ಇಲ್ಲಿ ಬೋರ್ ಮಾಡಿದವರ ತಪ್ಪಿಲ್ಲ.

ಗೀರುಗಳು ಕಾರ್ಬುರೇಟರ್ ಕಡೆಗೆ, ಸ್ಕರ್ಟಿನ (ರಿಂಗುಗಳ ಕೆಳಗಿನ ಪಿಸ್ಟನ್ ಮೈಯ) ಕೆಳಭಾಗದಲ್ಲಿದ್ದರೆ ಎಣ್ಣೆ ತಲುಪಿಲ್ಲ ಎಂದರ್ಥ. ತಾಜಾ ಮಿಶ್ರಣ ಮೊದಲು ಬಂದು ತಾಗುವ ಜಾಗವೇ ಅದು. ಅಲ್ಲೇ ಒಣಗಿದೆಯೆಂದರೆ ಟ್ಯಾಂಕಿಗೆ ಆಯಿಲ್ ಹಾಕದೆ ಪೆಟ್ರೋಲ್ ತುಂಬಿಸಿರಬಹುದು, ಅಥವಾ ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿದಿರಬಹುದು. ಚಾಮುಂಡಿ ಬೆಟ್ಟದಿಂದ ಗೇರಿನಲ್ಲೇ, ಆಕ್ಸಿಲರೇಟರ್ ಮುಟ್ಟದೆ ಇಳಿದು ಪಿಸ್ಟನ್ ಕಳೆದುಕೊಂಡವರ ಗಾಡಿ ನೋಡಿದ್ದೇನೆ. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ನಿಂತಿತೆಂದರೆ ಎಣ್ಣೆಯೂ ನಿಂತಿತು, ಚಕ್ರ ಮಾತ್ರ ಪಿಸ್ಟನ್ನನ್ನು ತಿರುಗಿಸುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡುವ ಹಳಬರ ಅಭ್ಯಾಸಕ್ಕೆ ಕಾರಣ ಇದೇ.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ ಇರುವ ಎರಡೂ ಪಕ್ಕಗಳಲ್ಲಿ, ಪಿನ್ನಿನ ತೂತಿನ ಹತ್ತಿರವೇ ಗುರುತಿದ್ದರೆ ಪಿನ್ ಬಿಗಿಯಾಗಿದೆ ಅಥವಾ ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ ಎಂದು ಅನುಮಾನಿಸಿ. ಒಂದು ಕಡೆ ಮೇಲ್ಭಾಗದಲ್ಲಿ, ಎದುರು ಕಡೆ ಕೆಳಭಾಗದಲ್ಲಿ, ಓರೆಯಾಗಿ ಉಜ್ಜಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ. ಆಗ ಎಷ್ಟು ಪಿಸ್ಟನ್ ಹಾಕಿದರೂ ಪ್ರಯೋಜನವಿಲ್ಲ, ಮೊದಲು ಕ್ರ್ಯಾಂಕ್ ಹೊರಬರಬೇಕು.

ಮಾವನ ಗಾಡಿಯ ಪಿಸ್ಟನ್ನಿನಲ್ಲಿ ಇದಾವುದೂ ಇರಲಿಲ್ಲ. ಎದ್ದು ಕಂಡಿದ್ದು ನಾಲ್ಕು ಪಟ್ಟಿಗಳು. ಪಿನ್ನಿನ ತೂತುಗಳ ಎರಡೂ ಬದಿಗೆ, ಸ್ವಲ್ಪ ದೂರ ಬಿಟ್ಟು, ನಾಲ್ಕು ಮೂಲೆಗಳಲ್ಲಿ ಹೆಬ್ಬೆರಳಗಲದ ಮಂಕಾದ ಬೂದು ಬಣ್ಣದ ಉಜ್ಜು. ಉಗುರಿನಿಂದ ಕೆರೆದರೆ ತರಿತರಿ. ರಿಂಗುಗಳು ಸ್ವಚ್ಛವಾಗಿದ್ದವು, ನೆತ್ತಿಯ ಬಣ್ಣ ಆರೋಗ್ಯಕರ ಕಂದು. ಎಕ್ಸಾಸ್ಟ್ ಪೋರ್ಟಿನಿಂದ ನೋಡಿದಾಗ ಏನೂ ಕಾಣದಿದ್ದುದು ಇದಕ್ಕೇ. ಗುರುತುಗಳಿದ್ದದ್ದು ಪೋರ್ಟಿಗೆ ಎದುರಲ್ಲ, ಮೂಲೆಗಳಲ್ಲಿ.

ಈ ನಾಲ್ಕು ಮೂಲೆಯ ಗುರುತಿಗೆ ಸಾಮಾನ್ಯವಾಗಿ ಕಾರಣ ಎರಡು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಕ್ಲಿಯರೆನ್ಸ್ ಸಾಲದಿರುವುದು, ಅಥವಾ ತಣ್ಣನೆಯ ಎಂಜಿನ್ನಿಗೆ ಸ್ಟಾರ್ಟ್ ಆದ ಕೂಡಲೇ ಜೋರು ಕೊಟ್ಟು ಸಿಲಿಂಡರ್ ಹಿಗ್ಗುವ ಮೊದಲೇ ಪಿಸ್ಟನ್ ಹಿಗ್ಗುವಂತೆ ಮಾಡಿರುವುದು. ಎರಡನೆಯದಾದರೆ ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಹಿಡಿಯುತ್ತದೆ. ನಮ್ಮದು ಹಿಡಿದದ್ದು ಹನ್ನೆರಡು ಹದಿಮೂರು ಕಿಲೋಮೀಟರ್ ಆದ ಮೇಲೆ.

ಅಳತೆ ತೆಗೆದದ್ದು ಎಲ್ಲಿ?

ಬೋರ್ ಮಾಡಿದ ಲೇತ್ ಅಂಗಡಿಯ ಮಾಲೀಕರು ಅನುಭವಸ್ಥರು. ಪಿಸ್ಟನ್ ತೋರಿಸಿದಾಗ, "ಎರಡೂವರೆ ಥೌ ಬಿಟ್ಟಿದ್ದೇನೆ ಸಾರ್, ಹಿಡಿಯುವ ಮಾತೇ ಇಲ್ಲ" ಎಂದರು. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, ಎರಡೂವರೆ ಥೌ ಎಂದರೆ 0.065 ಮಿ.ಮೀ. ಹತ್ತಿರ. ಈ ಎಂಜಿನ್ನಿಗೆ ಅದು ಒಳ್ಳೆಯ ಅಳತೆಯೇ. ಅವರು ಸುಳ್ಳು ಹೇಳಿರಲಿಲ್ಲ. ಆದರೆ ಅಳತೆ ತೆಗೆದ ಜಾಗ ತಪ್ಪಾಗಿತ್ತು.

ಪಿಸ್ಟನ್ ಕಣ್ಣಿಗೆ ದುಂಡಗೆ, ನೇರ ಕೊಳವೆಯಂತೆ ಕಾಣುತ್ತದೆ. ನಿಜದಲ್ಲಿ ಅದು ದುಂಡಗೂ ಇಲ್ಲ, ನೇರವೂ ಇಲ್ಲ. ಬೆಂಕಿ ತಾಗುವ ನೆತ್ತಿ ಹೆಚ್ಚು ಹಿಗ್ಗುವುದರಿಂದ ಅಲ್ಲಿ ಕಿರಿದಾಗಿ, ಕೆಳಗೆ ಬಂದಂತೆ ಅಗಲವಾಗಿ ಕಡೆದಿರುತ್ತಾರೆ. ಪಿನ್ನಿನ ಸುತ್ತ ಲೋಹ ದಪ್ಪವಿರುವುದರಿಂದ ಪಿನ್ನಿನ ದಿಕ್ಕಿಗೆ ಕಿರಿದು, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಅಗಲ. ಆದ್ದರಿಂದ ಪಿಸ್ಟನ್ನಿನ ನಿಜವಾದ ಅಗಲ ಸಿಗುವುದು ಸ್ಕರ್ಟಿನ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿದಾಗ. ತಯಾರಕರ ಚೀಟಿಯಲ್ಲಿ ಅಂಚಿನಿಂದ ಇಷ್ಟು ಮೇಲೆ ಎಂದು ಬರೆದಿದ್ದರೆ ಅದನ್ನೇ ಪಾಲಿಸಿ.

ನಾನು ಅಳೆದಾಗ ಸ್ಕರ್ಟಿನ ಕೆಳಗೆ 65.44 ಬಂತು, ರಿಂಗುಗಳ ಸ್ವಲ್ಪ ಕೆಳಗೆ 65.40. ಸಿಲಿಂಡರ್ ಮೇಲಿಂದ ಕೆಳಗಿನವರೆಗೂ 65.465. ಮೇಲಿನ ಅಳತೆಗೆ ಎರಡೂವರೆ ಥೌ ಕೂಡಿಸಿ ಬೋರ್ ಮಾಡಿದ್ದರು. ಹಿಡಿಯುವ ಜಾಗದಲ್ಲಿ ಉಳಿದದ್ದು 0.025 ಮಿ.ಮೀ., ಬರೀ ಒಂದು ಥೌ.

ಇದು ಏಕೆ ಸಾಲದು ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲೇ ನೋಡಬಹುದು. ಬಿಸಿಗೆ ಅಲ್ಯೂಮಿನಿಯಂ ಮಿಶ್ರಲೋಹ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 65 ಮಿ.ಮೀ. ಅಗಲದ ಸಿಲಿಂಡರ್ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.07 ಮಿ.ಮೀ. ಹಿಗ್ಗಿದರೆ, ಅಷ್ಟೇ ಬಿಸಿಯೇರಿದ ಪಿಸ್ಟನ್ 0.13ರ ಸುತ್ತ ಹಿಗ್ಗುತ್ತದೆ. ಅಂದರೆ 0.06 ಮಿ.ಮೀ. ಕ್ಲಿಯರೆನ್ಸನ್ನು ಬಿಸಿಯೇ ನುಂಗುತ್ತದೆ. ಒಂದು ಥೌ ಬಿಟ್ಟ ಎಂಜಿನ್ ಕಡಕೊಳದವರೆಗೆ ಹೋದದ್ದೇ ಹೆಚ್ಚು.

ನಮ್ಮನ್ನು ದಾರಿ ತಪ್ಪಿಸಿದ ಇನ್ನೊಂದು ಸಂಗತಿ ರಿಂಗಿನ ಬಾಯಿಯ, ಅಂದರೆ ಅದರ ಎರಡು ತುದಿಗಳ ನಡುವಿನ, ಅಂತರ. ಜೋಡಿಸುವಾಗ ಮೆಕ್ಯಾನಿಕ್ ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಉಕ್ಕಿನ ಪಟ್ಟಿಯಿಂದ) ಅದನ್ನು ನೋಡಿದ್ದರು, 0.25 ಮಿ.ಮೀ. ಇತ್ತು, ಸರಿಯಾಗಿತ್ತು. ರಿಂಗ್ ಸರಿ ಇದ್ದ ಮಾತ್ರಕ್ಕೆ ಪಿಸ್ಟನ್ ಸರಿ ಇದೆ ಎಂದಲ್ಲ. ಇವು ಎರಡು ಬೇರೆ ಅಳತೆಗಳು, ಒಂದು ಇನ್ನೊಂದಕ್ಕೆ ಸಾಕ್ಷಿಯಾಗಲಾರದು.

ಮೈಕ್ರೋಮೀಟರ್ ಇಲ್ಲದವರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ರಿಂಗುಗಳಿಲ್ಲದ ಪಿಸ್ಟನ್ನನ್ನು ತಲೆಕೆಳಗಾಗಿ ಸಿಲಿಂಡರಿನೊಳಗೆ ಇಳಿಸಿ, ಸ್ಕರ್ಟಿನ ಪಕ್ಕದಲ್ಲಿ, ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, 0.05 ಮಿ.ಮೀ.ಯ ಉದ್ದನೆಯ ಫೀಲರ್ ಪಟ್ಟಿ ತೂರಿಸಿ. ಪಟ್ಟಿ ಲಘುವಾದ ಎಳೆತಕ್ಕೆ ಹೊರಬರಬೇಕು. ಒಳಗೆ ಹೋಗದಿದ್ದರೆ ಅಥವಾ ಸಿಕ್ಕಿಕೊಂಡರೆ ಗಾಡಿ ಜೋಡಿಸಬೇಡಿ. ಪಿಸ್ಟನ್ ತನ್ನ ಭಾರಕ್ಕೇ ಜಾರಿ ಇಳಿಯಿತು, ಆದ್ದರಿಂದ ಸರಿ ಇದೆ ಎನ್ನುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಒಂದು ಥೌ ಇದ್ದರೂ ಅದು ಜಾರುತ್ತದೆ. ಯಂತ್ರದಿಂದ ಆಗಷ್ಟೇ ಇಳಿದ ಸಿಲಿಂಡರನ್ನೂ ಅಳೆಯಬಾರದು. 20 ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ಬೋರ್ 0.014 ಮಿ.ಮೀ. ದೊಡ್ಡದಾಗಿ ಕಾಣುತ್ತದೆ. ಪಿಸ್ಟನ್, ಸಿಲಿಂಡರ್ ಎರಡನ್ನೂ ಒಂದೇ ಮೇಜಿನ ಮೇಲೆ ಒಂದೆರಡು ಗಂಟೆ ಬಿಟ್ಟು ಅಳೆಯಿರಿ.

ಇನ್ನೊಂದು ಮಾತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಅಂಗಡಿಯಲ್ಲಿ ಸಿಗುವ ಪಿಸ್ಟನ್ ಸೆಟ್ಟುಗಳು ಬೇರೆ ಬೇರೆ ಕೈಗಳಿಂದ ಬರುತ್ತವೆ. ಡಬ್ಬಿಯ ಮೇಲೆ 0.50 ಓವರ್‌ಸೈಜ್ (ಮೂಲ ಅಳತೆಗಿಂತ 0.50 ಮಿ.ಮೀ. ದೊಡ್ಡದು) ಎಂದಿದ್ದರೂ ಒಂದರ ಸ್ಕರ್ಟ್ ಇನ್ನೊಂದಕ್ಕಿಂತ 0.02, 0.03 ಮಿ.ಮೀ.ಯಷ್ಟು ಆಚೀಚೆ ಇರಬಹುದು. ಆದ್ದರಿಂದ ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಲೇಬೇಡಿ. ಅದೇ ಪಿಸ್ಟನ್ನನ್ನು ಅಂಗಡಿಯವರ ಕೈಗಿಟ್ಟು, ಅಳೆಯಬೇಕಾದ ಜಾಗಕ್ಕೆ ಮಾರ್ಕರಿನಿಂದ ಗೆರೆ ಹಾಕಿ ಕೊಡಿ. ನಾನು ಈಗ ಹಾಗೆಯೇ ಮಾಡುತ್ತೇನೆ, ಯಾರೂ ಬೇಸರಪಟ್ಟುಕೊಂಡಿಲ್ಲ. ಆ ಮಾಲೀಕರೂ ಅಳತೆಯನ್ನು ಕಣ್ಣಾರೆ ನೋಡಿ, ಹೋನಿಂಗಿಗೆ (ಒಳಗೋಡೆಯನ್ನು ಕಲ್ಲಿನಿಂದ ನವಿರಾಗಿ ಉಜ್ಜುವುದಕ್ಕೆ) ಹಣ ತೆಗೆದುಕೊಳ್ಳದೆ ಮಾಡಿಕೊಟ್ಟರು. ಅದೇ ಓವರ್‌ಸೈಜಿನ ಹೊಸ ಪಿಸ್ಟನ್ ಸ್ಕರ್ಟಿನಲ್ಲಿ 65.435 ಬಂತು, ಸಿಲಿಂಡರನ್ನು 65.50ಕ್ಕೆ ಹೋನ್ ಮಾಡಿಸಿದೆವು.

ಎರಡನೆಯ ದೂರು: ಟಿಕ್ ಟಿಕ್ ಸದ್ದು

ಎಂಜಿನ್ ಹಿಡಿಯುವುದು ನಿಂತಿತು. ಆದರೆ ಮೊದಲ ದಿನವೇ ನಿಧಾನ ಓಟದಲ್ಲಿ ಸಿಲಿಂಡರಿನಿಂದ ಹಗುರವಾದ, ಸ್ಪಷ್ಟವಾದ ಟಿಕ್ ಟಿಕ್ ಕೇಳಿಸಿತು. ಪಿಸ್ಟನ್ ಸಡಿಲವಿದ್ದರೆ ಬರುವ ಸದ್ದು ಬೇರೆ. ಅದು ಖಾಲಿ ಡಬ್ಬಿಯ ಮೇಲೆ ಬೆರಳು ಬಡಿದಂತೆ, ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಇದು ಬಿಸಿಯಾದರೂ ಬದಲಾಗಲಿಲ್ಲ. ಕೂಡಲೇ ಎಂಜಿನ್ ನಿಲ್ಲಿಸಿದೆ. ಟೂ ಸ್ಟ್ರೋಕಿನಲ್ಲಿ ಈ ಸದ್ದನ್ನು "ಸ್ವಲ್ಪ ಓಡಿದರೆ ಸರಿಹೋಗುತ್ತದೆ" ಎಂದು ಬಿಡುವಂತಿಲ್ಲ. ರಿಂಗ್ ತುಂಡಾದರೆ ಆ ಚೂರು ಸಿಲಿಂಡರನ್ನು ಉಳಿ ಹಾಕಿದಂತೆ ಕೊರೆಯುತ್ತದೆ.

ಬಿಚ್ಚಿದಾಗ ಮೇಲಿನ ರಿಂಗಿನ ಮುಖದಲ್ಲಿ ಒಂದೆಡೆ ಅಕ್ಕಿಕಾಳಿನಷ್ಟು ಉದ್ದದ ಹೊಳಪು ಕಲೆ. ಅದರ ನೇರಕ್ಕೆ ಸಿಲಿಂಡರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಿನ (ಕೆಳಗಿನಿಂದ ಮಿಶ್ರಣ ಮೇಲೇರುವ ಕಿಂಡಿಯ) ಮೇಲಂಚು. ಬೆರಳ ತುದಿಯಿಂದ ಸವರಿದರೆ ಬ್ಲೇಡಿನಂತೆ ಕೊಯ್ಯುವಷ್ಟು ಹರಿತ. ಬೋರ್, ಹೋನ್ ಎರಡೂ ಆದ ಮೇಲೆ ಪೋರ್ಟಿನ ಅಂಚುಗಳು ಹೀಗೆ ಹರಿತವಾಗುವುದು ಸಹಜ. ರಿಂಗು ಪೋರ್ಟನ್ನು ದಾಟುವಾಗ ಕೂದಲೆಳೆಯಷ್ಟು ಹೊರಕ್ಕೆ ಉಬ್ಬಿ, ವಾಪಸು ಬರುವಾಗ ಈ ಅಂಚಿಗೆ ಬಡಿಯುತ್ತದೆ. ಕಾರ್ಖಾನೆಯಲ್ಲಿ ಅಂಚುಗಳನ್ನು ಮೊಂಡು ಮಾಡಿಯೇ ಕಳಿಸುತ್ತಿದ್ದರು. ಪ್ರತಿ ಬೋರಿನ ಬಳಿಕ ಆ ಕೆಲಸವನ್ನು ಯಾರಾದರೂ ಮತ್ತೆ ಮಾಡಲೇಬೇಕು, ಹೆಚ್ಚಿನ ಕಡೆ ಯಾರೂ ಮಾಡುವುದಿಲ್ಲ.

ಅರೆದುಂಡು ಸಣ್ಣ ಅರದಿಂದ ಪ್ರತಿ ಪೋರ್ಟಿನ ಮೇಲಂಚು, ಕೆಳಂಚನ್ನು ಸುಮಾರು ಅರ್ಧ ಮಿ.ಮೀ.ಯಷ್ಟು ಮೊಂಡು ಮಾಡಿ, ನುಣುಪಾದ ಎಮರಿ ಕಾಗದದಿಂದ ಉಜ್ಜಿ. ಅರವನ್ನು ಸಿಲಿಂಡರಿನ ಒಳಗೋಡೆಗೆ ತಾಗಿಸಬೇಡಿ, ಪೋರ್ಟಿನ ಎತ್ತರವನ್ನೂ ಬದಲಿಸಬೇಡಿ. ಅಂಚಿನ ಮೊನೆ ಸಾಯಬೇಕು, ಅಷ್ಟೇ. ಹತ್ತಿಯ ಉಂಡೆಯೊಂದನ್ನು ಪೋರ್ಟಿನ ಮೇಲೆ ಎಳೆದು ನೋಡಿ. ಒಂದು ಎಳೆಯೂ ಸಿಕ್ಕಿಕೊಳ್ಳದಿದ್ದರೆ ಸಾಕು.

ಇದೇ ಹೊತ್ತಿನಲ್ಲಿ ರಿಂಗ್ ಗ್ರೂವಿನ ಪುಟ್ಟ ಮೊಳೆಯನ್ನೂ ನೋಡಬೇಕು. ರಿಂಗು ಸುತ್ತದಂತೆ, ಅದರ ಬಾಯಿ ಪೋರ್ಟಿನ ಎದುರು ಬಾರದಂತೆ ತಡೆಯಲು ಪ್ರತಿ ಗ್ರೂವಿನಲ್ಲೂ ಒಂದು ಮೊಳೆಯಿರುತ್ತದೆ. ರಿಂಗಿನ ತುದಿಗಳು ಆ ಮೊಳೆಯನ್ನು ತಬ್ಬುವಂತೆ ಒಳಗಡೆ ಸ್ವಲ್ಪ ಕಡಿದಿರುತ್ತವೆ. ಹಲವರು ರಿಂಗನ್ನು ಬರಿಯ ಸಿಲಿಂಡರಿನಲ್ಲಿಟ್ಟು ಬಾಯಿಯ ಅಂತರ ನೋಡಿ ಸುಮ್ಮನಾಗುತ್ತಾರೆ. ಅಲ್ಲಿ ಮೊಳೆ ಇರುವುದಿಲ್ಲವಲ್ಲ! ರಿಂಗನ್ನು ಪಿಸ್ಟನ್ನಿನಲ್ಲೇ ಕೂರಿಸಿ ಬೆರಳಿನಿಂದ ಪೂರ್ತಿ ಒತ್ತಿ ಹಿಡಿಯಿರಿ. ತುದಿಗಳು ಮೊಳೆಗೆ ಬಡಿದು ನಿಲ್ಲದೆ ಹತ್ತಿರ ಬರಬೇಕು, ರಿಂಗು ಪಿಸ್ಟನ್ನಿನ ಮೈಗಿಂತ ಒಳಗೆ ಹೋಗಬೇಕು. ಮೊಳೆಗೆ ತಾಗಿ ನಿಂತರೆ ಕಡಿದ ಜಾಗವನ್ನು ಅರದಿಂದ ಒಂದಿಷ್ಟು ಬಿಡಿಸಬೇಕು. ಪಿಸ್ಟನ್ನನ್ನು ಹಿಂದುಮುಂದಾಗಿ ಹಾಕಿದರೆ ಇದೇ ಮೊಳೆಗಳು ರಿಂಗಿನ ಬಾಯಿಯನ್ನು ಪೋರ್ಟಿನ ಎದುರಿಗೆ ತಂದು ನಿಲ್ಲಿಸಬಹುದು. ಬಾಣದ ಗುರುತಿಗೆ ಅಷ್ಟು ಬೆಲೆ ಇರುವುದು ಅದಕ್ಕೇ.

ಬಾಯಿಯ ಅಂತರಕ್ಕೆ ಹಳೆಯ ಲೆಕ್ಕವೆಂದರೆ ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ. 65 ಮಿ.ಮೀ.ಗೆ ಅದು ಸುಮಾರು 0.26 ಆಗುತ್ತದೆ. 0.25ರಿಂದ 0.35ರವರೆಗೆ ಇದ್ದರೆ ನಾನು ಒಪ್ಪುತ್ತೇನೆ. ರಿಂಗನ್ನು ಸಿಲಿಂಡರಿಗೆ ಹಾಕಿ, ಪಿಸ್ಟನ್ನಿನ ನೆತ್ತಿಯಿಂದ ತಳ್ಳಿ ನೆಟ್ಟಗೆ ಮಾಡಿ ಅಳೆಯಿರಿ. ಕೆಳಗಿನಿಂದ ಟಾರ್ಚ್ ಬಿಟ್ಟರೆ ರಿಂಗು ಎಲ್ಲಿ ಗೋಡೆಗೆ ಕೂತಿಲ್ಲ ಎಂಬುದೂ ಬೆಳಕಿನ ಗೆರೆಯಾಗಿ ಕಾಣುತ್ತದೆ.

ಹಳೆಯ ಸಿಲಿಂಡರನ್ನು ಬೋರ್ ಮಾಡಿಸಬೇಕೇ ಬೇಡವೇ ಎಂಬುದನ್ನೂ ಇದೇ ರಿಂಗು ಹೇಳುತ್ತದೆ. ಅದನ್ನು ಮೇಲೆ, ನಡುವೆ, ಕೆಳಗೆ ಇಟ್ಟು ಮೂರು ಸಲ ಅಂತರ ನೋಡಿ. ಬೋರ್ 0.10 ಮಿ.ಮೀ. ಸವೆದರೆ ಬಾಯಿ 0.31 ಮಿ.ಮೀ. ಹೆಚ್ಚು ತೆರೆಯುತ್ತದೆ, ಏಕೆಂದರೆ ಸುತ್ತಳತೆ ಅಗಲದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕೆಳಗೆ 0.30 ಇದ್ದು ಮೇಲೆ 0.60 ಬಂದರೆ ಹೊಸ ರಿಂಗು ಮಾತ್ರ ಹಾಕಿ ಪ್ರಯೋಜನವಿಲ್ಲ.

ಪಿಸ್ಟನ್ ನಿರಪರಾಧಿಯಾದಾಗ

ಎಕ್ಸಾಸ್ಟ್ ಕಡೆ ಮಾತ್ರ ಗೀರು ಎಂದೆನಲ್ಲ, ಅಂಥ ಗಾಡಿ ಬಂದರೆ ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಕ್ರ್ಯಾಂಕ್‌ಕೇಸ್ (ಸಿಲಿಂಡರಿನ ಕೆಳಗಿನ ಎಂಜಿನ್ ಪೆಟ್ಟಿಗೆ) ಗಾಳಿ ಎಳೆಯುತ್ತಿದೆಯೇ ಎಂದು ನೋಡಬೇಕು. ಇದಕ್ಕೆ ನಾನು ಬಳಸುವುದು ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರ್ ಬುರುಡೆ ಮತ್ತು ಮುಳ್ಳಿನ ಗಡಿಯಾರ. ತಾಯಿಯವರ ಔಷಧದ ಪೆಟ್ಟಿಗೆಯಲ್ಲಿ ಪಟ್ಟಿ ಹರಿದು ಬಿದ್ದಿತ್ತು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಕಬ್ಬಿಣದ ಮೈಗೆ ಕೊಳವೆ ಅಂಟಿಸಿದ್ದೇನೆ. ಕಾರ್ಬುರೇಟರ್ ಕೂರುವ ಬಾಯಿಗೂ ಎರಡು ಎಕ್ಸಾಸ್ಟ್ ಬಾಯಿಗಳಿಗೂ ಸೈಕಲ್ ಟ್ಯೂಬಿನ ತುಂಡು ಮತ್ತು ತಗಡು ಬಿಗಿದು ಮುಚ್ಚಿ, ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಪ್ಲಗ್ಗಿನ ತೂತಿನಿಂದ ಮುಳ್ಳು 250ಕ್ಕೆ (ಮಿ.ಮೀ. ಪಾದರಸ) ಬರುವಷ್ಟು ಗಾಳಿ ಏರಿಸಿ. ಮುಳ್ಳು ಕೆಲವು ನಿಮಿಷ ಬಹುಮಟ್ಟಿಗೆ ಅಲ್ಲೇ ನಿಲ್ಲಬೇಕು. ಕಣ್ಣೆದುರೇ ಇಳಿದರೆ ಸೋಪಿನ ನೀರು ಸವರುತ್ತಾ ಹೋಗಿ, ನೊರೆ ಎದ್ದಲ್ಲಿ ಸೋರಿಕೆ.

ಡೈನಮೊ ಕಡೆಯ ಆಯಿಲ್ ಸೀಲ್ ಸೋತಿದ್ದರೆ ಹೊರಗಿನ ಗಾಳಿ ಒಳಬಂದು ಮಿಶ್ರಣ ಬಡವಾಗುತ್ತದೆ, ಎಂಜಿನ್ ತಾನಾಗಿಯೇ ರೇಸ್ ಆಗುವುದೂ ಉಂಟು. ಕ್ಲಚ್ ಕಡೆಯದು ಸೋತರೆ ಗೇರ್ ಆಯಿಲನ್ನೇ ಎಂಜಿನ್ ಕುಡಿಯುತ್ತದೆ, ದಟ್ಟ ಹೊಗೆ ಬರುತ್ತದೆ, ಆಯಿಲಿನ ಮಟ್ಟ ಇಳಿಯುತ್ತದೆ. ಹೊಗೆ ನೋಡಿ "ರಿಂಗ್ ಹೋಗಿದೆ" ಎಂದು ಬೋರ್ ಮಾಡಿಸಿದ ಎಷ್ಟೋ ಗಾಡಿಗಳಲ್ಲಿ ಹೋಗಿದ್ದದ್ದು ಈ ಸೀಲು. ಫೋರ್ ಸ್ಟ್ರೋಕಿನ ರೂಢಿಯನ್ನು ಇಲ್ಲಿಗೆ ತಂದುದರ ಫಲ ಅದು. ಜಾವಾದಲ್ಲಿ ರಿಂಗ್ ಸವೆದರೆ ಕಿಕ್ಕರ್ ಹಗುರವಾಗುತ್ತದೆ, ಏರಿನಲ್ಲಿ ಎಳೆತ ಕುಂದುತ್ತದೆ. ಹೊಗೆಯೊಂದನ್ನೇ ನೋಡಿ ರಿಂಗನ್ನು ದೂರುವಂತಿಲ್ಲ.

ಜೋಡಿಸುವ ಕೈ

ಹೋನ್ ಆದ ಸಿಲಿಂಡರನ್ನು ಬಿಸಿನೀರು ಮತ್ತು ಸೋಪಿನಿಂದ ಬ್ರಷ್ ಹಾಕಿ ತೊಳೆಯಿರಿ. ಪೆಟ್ರೋಲಿನಿಂದ ತೊಳೆದರೆ ಎಣ್ಣೆ ಹೋಗುತ್ತದೆ, ಹೋನಿಂಗ್ ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಕಾಣದಾಗುವವರೆಗೆ ಬಿಡಬೇಡಿ. ಒಣಗಿದ ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೆಂಪು ತುಕ್ಕು ಏಳುತ್ತದೆ.

ಪಿನ್ ಹಾಕಲು ಸುತ್ತಿಗೆ ಬೇಡ. ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ದಪ್ಪ ಬಟ್ಟೆಯಲ್ಲಿ ಹಿಡಿದು ತೇವ ಒರೆಸಿ, ಎಣ್ಣೆ ಹಚ್ಚಿದ ಪಿನ್ನನ್ನು ಹೆಬ್ಬೆರಳಿನಿಂದ ತಳ್ಳಿದರೆ ಅದು ತಾನೇ ಜಾರಿ ಒಳಗೆ ಹೋಗುತ್ತದೆ. ಆ ಜಾರುವಿಕೆಯಲ್ಲಿ ಒಂದು ಹಿತವಿದೆ, ಒಮ್ಮೆ ಅನುಭವಿಸಿದವರು ಮತ್ತೆ ಸುತ್ತಿಗೆ ಮುಟ್ಟುವುದಿಲ್ಲ. ಅದಕ್ಕೂ ಮೊದಲು ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಹಾರಿ ಒಳಗೆ ಬಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಸರ್ಕ್ಲಿಪ್ ಯಾವಾಗಲೂ ಹೊಸದಿರಲಿ, ಅದರ ಬಾಯಿ ಮೇಲಕ್ಕೆ ಅಥವಾ ಕೆಳಕ್ಕೆ ಇರಲಿ, ಕೂತ ಮೇಲೆ ಗ್ರೂವಿನಲ್ಲಿ ತಿರುಗಿಸಿ ನೋಡಿ.

ಸಿಲಿಂಡರ್ ಇಳಿಸುವಾಗ ಇಬ್ಬರಿದ್ದರೆ ಒಳ್ಳೆಯದು. ಪಿಸ್ಟನ್ನಿನ ಕೆಳಗೆ ಕವೆಯಂಥ ಮರದ ತುಂಡು ಇಟ್ಟು ನಿಲ್ಲಿಸಿ. ಮಾವ ಸಿಲಿಂಡರನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದರು, ನಾನು ಒಂದೊಂದೇ ರಿಂಗನ್ನು ಮೊಳೆಗೆ ಹೊಂದಿಸಿ ಬೆರಳಿನಿಂದ ಒತ್ತಿದೆ. "ಸ್ವಲ್ಪ ತಿರುಗಿಸಲೇನೋ, ಸಿಕ್ಕಿಕೊಂಡಿದೆ" ಎಂದರು. "ಬೇಡ ಮಾವ, ಮೇಲೆತ್ತಿ, ಮತ್ತೆ ನೋಡೋಣ" ಎಂದೆ. ಸಿಕ್ಕಿಕೊಂಡ ಸಿಲಿಂಡರನ್ನು ತಿರುಗಿಸಿದರೆ ರಿಂಗಿನ ತುದಿ ಪೋರ್ಟಿನೊಳಗೆ ಹೊಕ್ಕು ಮುರಿಯುತ್ತದೆ. ಒತ್ತಾಯದಿಂದ ಇಳಿಸಿದರೂ ಅದೇ ಗತಿ. ಎತ್ತಿ ನೋಡಿದಾಗ ಕೆಳಗಿನ ರಿಂಗು ಮೊಳೆಯ ಮೇಲೆ ಹತ್ತಿ ಕೂತಿತ್ತು. ಎರಡನೆಯ ಪ್ರಯತ್ನದಲ್ಲಿ ಸಿಲಿಂಡರ್ ತನ್ನ ಭಾರಕ್ಕೇ ಇಳಿಯಿತು.

ಹೆಡ್ ಬೋಲ್ಟುಗಳನ್ನು ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದೇ ಕಡೆಯಿಂದ ಬಿಗಿದರೆ ನೇರವಾದ ಬೋರ್ ಕೂಡ ಸೊಟ್ಟಗಾಗುತ್ತದೆ.

ಮೊದಲ 500 ಕಿಲೋಮೀಟರಿಗೆ ಲೀಟರಿಗೆ 50 ಮಿ.ಲೀ. ಆಯಿಲ್ ಹಾಕಿಸಿದೆ, ಆಮೇಲೆ ಮತ್ತೆ 40. ಮೊದಲ ದಿನ ರಸ್ತೆಗೇ ಇಳಿಸಲಿಲ್ಲ. ಮೂರು ನಿಮಿಷ ಓಡಿಸುವುದು, ಕೈ ಇಟ್ಟರೆ ತಣ್ಣಗೆ ಎನ್ನಿಸುವವರೆಗೆ ಬಿಡುವುದು, ಹೀಗೆ ನಾಲ್ಕು ಸಲ. ಆಮೇಲೆ ಊರೊಳಗಿನ ಸಣ್ಣ ಸಣ್ಣ ಓಟ, 50ರ ವೇಗ ಮೀರದೆ. ಒಂದೇ ವೇಗದಲ್ಲಿ ತುಂಬಾ ಹೊತ್ತು ಹೋಗದೆ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಬಿಟ್ಟು ಮಾಡುತ್ತಿದ್ದರೆ ರಿಂಗು ಬೇಗ ಕೂರುತ್ತದೆ. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ. ಸದ್ದು ಬಿಗಿಯಿತು ಎನ್ನಿಸಿದ ಕ್ಷಣವೇ ಕ್ಲಚ್ ಹಿಡಿದರೆ ಪಿಸ್ಟನ್ ಉಳಿಯುತ್ತದೆ, ನೀವೂ ಬೀಳುವುದಿಲ್ಲ.

500 ಆದ ಮೇಲೆ ಎಂಜಿನ್ ತಣ್ಣಗಿರುವಾಗ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿದೆವು, ಅವುಗಳಲ್ಲಿ ಎರಡು ಬೋಲ್ಟುಗಳು ತಲಾ ಕಾಲು ಸುತ್ತಿನಷ್ಟು ಬಿಗಿಯಾದವು. ಎಕ್ಸಾಸ್ಟ್ ಪೋರ್ಟಿನಿಂದ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ನುಣುಪಾಗಿ, ರಿಂಗಿನ ಮುಖ ಸುತ್ತಲೂ ಒಂದೇ ಹೊಳಪಿನಲ್ಲಿ ಕಂಡಿತು. ಮಾವ ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ನಂಜನಗೂಡಿಗೆ ಹೋಗಿ, ಅಲ್ಲಿಂದ ಫೋನು ಮಾಡಿದರು. ಗಾಡಿಯ ಟೂಲ್ ಪೆಟ್ಟಿಗೆಯಲ್ಲಿ ಈಗ ಒಂದು ಚೀಟಿ ಇದೆ: ಪಿಸ್ಟನ್ 65.435, ಬೋರ್ 65.50, ರಿಂಗ್ ಬಾಯಿ 0.30, ಅಳೆದದ್ದು ಸ್ಕರ್ಟಿನ ಕೆಳಗೆ, ಪಿನ್ನಿಗೆ ಅಡ್ಡವಾಗಿ.